ಏಳನೆಯ ಗುಂಡಿ

ಕೀಬೋರ್ಡ್ ಒಂದು, ಪರದೆ ಒಂದು, ಯಂತ್ರಗಳು ಎಂಟು.
ಪುಂತಾ ಅರೇನಸ್ಸಿನ ರಾತ್ರಿಪಾಳಿಯಲ್ಲಿ
ಎದುವೀನಾ ಬರ್ರಿಯಾ ಕೆವಿಎಂ ಪೆಟ್ಟಿಗೆಯ ಗುಂಡಿ ಒತ್ತುತ್ತಾಳೆ: ಟಕ್.
ಕಣ್ಣು ಮಿಟುಕಿದಷ್ಟು ಕತ್ತಲು,
ಆಮೇಲೆ ಪೋರ್ವೆನಿರ್, ಅಲ್ಲಿನ ಗಾಳಿಯ ವೇಗ.
ಟಕ್. ಜಲಸಂಧಿಯ ಆಚೆ ತುದಿ.
ಟಕ್. ಯಾರೂ ಇರದ ದೀಪಸ್ತಂಭದಡಿ
ಬಿಸಿಯೇರಿದ ಸರ್ವರ್ ಒಂದು
ತನ್ನಷ್ಟಕ್ಕೆ ಲೆಕ್ಕ ಬರೆಯುತ್ತಿದೆ.

"ನೋಡುವುದು ಒಂದನ್ನು, ನಂಬುವುದು ಏಳನ್ನು,"
ಅಂದಳು ನನಗೆ, ಬಿಸಿ ಮಾಟೆಯ ಬುರುಡೆ ಚಾಚುತ್ತ.

ಹೋದ ಚಳಿಗಾಲ, ಮೂರೆಂದುಕೊಂಡು ಏಳರಲ್ಲಿದ್ದಳು.
ಬೆರಳು ಆಗಲೇ ಅಪ್ಪಣೆ ಕೊಟ್ಟಾಗಿತ್ತು:
ಆರು, ಮತ್ತೆ ಹೊತ್ತಿಕೋ.
ನಾಲ್ಕು ನಿಮಿಷ
ಒಂದು ದಡಕ್ಕೆ ಉಬ್ಬರವೂ ಇಲ್ಲ, ಇಳಿತವೂ ಇಲ್ಲ.

ಸಮುದ್ರಕ್ಕೆ ಗೊತ್ತಾಗಲಿಲ್ಲ. ಕಚೇರಿಗೂ.
ಫೋನು ಮಾಡಿದ್ದು ಒಬ್ಬನೇ, ಏಡಿ ಹಿಡಿಯುವ ಮುದುಕ:
"ಮಗಳೇ, ನೀರು ಎಲ್ಲಿಗೆ ಹೋಯಿತು?"

ಅಂದಿನಿಂದ ಏಳನೆಯ ಗುಂಡಿಯ ಮೇಲೆ
ಅವಳ ಉಗುರುಬಣ್ಣದ ಕೆಂಪು ಚುಕ್ಕೆ.
ಈಗ ಅವಳ ಕುರ್ಚಿಯಲ್ಲಿ ನಾನು.
ಅದನ್ನು ಮುಟ್ಟುವ ಮೊದಲು
ಒಮ್ಮೆ ಎದ್ದು ಕಿಟಕಿಗೆ ಹೋಗುತ್ತೇನೆ,
ಕಟ್ಟೆಯ ದೀಪದಡಿ
ನೀರಿದೆಯೇ ನೋಡಲು.