ಪಕ್ಕದವರು

ಬೈತಖೋಲದ ದೋಣಿಗಳು ಮೀನಿಳಿಸಿ ಹೋದ ಮೇಲೆ
ಒಂಬತ್ತೂವರೆಗೆ ನನ್ನ ಕೆಲಸ ಶುರು.
ಮೀನುಗಾರ ಮಹಿಳೆಯರ ಸಂಘದ ಮಾಳಿಗೆ,
ಕೆಳಗೆ ಬರ್ಫದ ಗಿರಣಿ. ನೆಲ ನಡುಗುತ್ತದೆ,
ನೆಲದ ಜೊತೆ ಚಹದ ಲೋಟ.

ಸಂಘ ಕೇಳಿದ್ದು ಒಂದು ಪುಟ:
ಯಾರ ಬುಟ್ಟಿಯಲ್ಲಿ ಯಾವ ಮೀನು, ಏನು ದರ.
ಒಬ್ಬೊಬ್ಬರಿಗೆ ಒಂದು ಸಾಲು, ಸಾಲಿನ ತುದಿಗೆ ಒಂದು ಗುಂಡಿ:
"ಮುಗೀತು."
ಒತ್ತಿದರೆ ಆ ಸಾಲು ಮಂಕಾಗಬೇಕು,
ಪಕ್ಕದವಳ ಸಾಲು ಬೆಳಗಬೇಕು.

ಗುಂಡಿಗೆ ತಾನು ಯಾರ ಗುಂಡಿ ಎಂದು ಗೊತ್ತಿಲ್ಲ.
ಬೆರಳು ತಾಗಿದ್ದಷ್ಟೇ ಗೊತ್ತು.
ಹೇಳಿಕೊಡಬೇಕು: ಮೇಲೆ ನೋಡು,
ನಿನ್ನನ್ನು ಹೊತ್ತವಳು ಯಾರು,
ಅವಳನ್ನು ಹೊತ್ತವಳು ಯಾರು.
ಮೊದಲು ಮೆಟ್ಟಿಲು ಎಣಿಸಿ ಬರೆದಿದ್ದೆ:
ಪೇರೆಂಟ್, ಅದರ ಪೇರೆಂಟ್, ಅಲ್ಲಿ ನಿಲ್ಲು.
ಸೋಮವಾರ ಗುಂಡಿಗೊಂದು ಚೌಕಟ್ಟು ಹಾಕಿದೆ, ಚಂದಕ್ಕೆ.
ಮಂಗಳವಾರ ಶೇವಂತಿ ತಾಂಡೇಲ ಒತ್ತಿದರೆ
ಗುಂಡಿಯ ಕಡೆಯ ಅರ್ಧ ಮಾತ್ರ ಮಂಕಾಯಿತು;
ಬಂಗಡೆ ಖಾಲಿ, ಹೆಸರು ಇನ್ನೂ ಕೂಗುತ್ತಿತ್ತು.
ಎಣಿಕೆ ಬಿಟ್ಟೆ. ಈಗ ಬರೆದದ್ದು ಕ್ಲೋಸೆಸ್ಟ್:
ಮೆಟ್ಟಿಲು ಎಷ್ಟಾದರೂ ಇರಲಿ, ಹತ್ತು,
ಮೊದಲು ಸಿಗುವ ಸಾಲನ್ನು ಹಿಡಿ.
ಕೋಡಿಬಾಗದಲ್ಲಿ ದಾರಿ ತಪ್ಪಿದ ಮಗುವನ್ನು
ಮನೆ ನಂಬರು ಕೇಳುತ್ತಾರೆಯೇ?
"ಯಾರ ಪೈಕಿ ನೀನು?"

ಪಕ್ಕಕ್ಕೆ ಹೋಗುವುದು ಸುಲಭ ಅಂದುಕೊಂಡಿದ್ದೆ.
ಐದು ಹೆಂಗಸರನ್ನು ಬರೆದಿದ್ದೆ,
ಮಕ್ಕಳೆಷ್ಟು ಎಂದು ಪಟ್ಟಿಯನ್ನು ಕೇಳಿದರೆ
ಹನ್ನೊಂದು ಅಂದಿತು.
ಶೇವಂತಿಯ ನಂತರ ಯಾರು ಎಂದರೆ
ಏನೂ ಇಲ್ಲದ ಒಂದನ್ನು ತಂದು ಎದುರಿಗಿಟ್ಟಿತು.
ಇಲ್ಲ ಎನ್ನಲಿಲ್ಲ, ನಲ್ ಎನ್ನಲಿಲ್ಲ.
ಇದೆ, ಒಳಗೆ ಬರೀ ಖಾಲಿ, ಎಂದಿತು.
ನಾನು ಎಂಟರ್ ಒತ್ತಿ ಬಿಟ್ಟ ಜಾಗ,
ನನ್ನ ಕಣ್ಣಿಗೆ ಅಚ್ಚುಕಟ್ಟಾಗಲೆಂದು ಬಿಟ್ಟದ್ದು,
ಅದೂ ಒಂದು ಮಗುವಂತೆ, ಅಕ್ಕತಂಗಿಯರ ನಡುವೆ
ಕಾಲು ಮಡಚಿ ಕೂತಿದೆ.

ಸಂಜೆ ಮೀನುಪೇಟೆಗೆ ಹೋದೆ, ಪರೀಕ್ಷೆಗೆಂದು.
ಶೇವಂತಿ, ಆಮೇಲೆ ಒಂದು ಮೊಳ ಜಾಗ,
ಅದರಾಚೆ ಯಮುನಿ ದುರ್ಗೇಕರ.
ಇಡೀ ಸಾಲಿನಲ್ಲಿ ಮೊಣಕೈಗೆ ಮೊಣಕೈ,
ಬುಟ್ಟಿಗೆ ಬುಟ್ಟಿ ಬಡಿಯುತ್ತಿರುವಾಗ
ಆ ಮೊಳದಷ್ಟು ಕಲ್ಲು ಒಣಗಿತ್ತು.
ಚೀಲ ಇಡಹೋದೆ.
"ಅಲ್ಲಿ ಬೇಡ ಬಾಯ್, ಅದು ಮಾಣಕಿ ಜಾಗ."

ಮಾಣಕಿ ಸತ್ತಿಲ್ಲ. ಫ್ಲೈಓವರಿನ ನಾಲ್ಕನೇ ಕಂಬದ ಬುಡದಲ್ಲಿ
ನೀಲಿ ತಾಡಪತ್ರಿ ಕಟ್ಟಿ ಕೂರುತ್ತಾಳೆ, ಎರಡು ವರ್ಷದಿಂದ.
ಬರ್ಫದ ಅರವತ್ತು ರೂಪಾಯಿಗೆ ಮಾತು ಬಂದದ್ದು.
ಯಾರು ಕೊಟ್ಟಿದ್ದರು, ಯಾರು ಕೊಟ್ಟಿರಲಿಲ್ಲ,
ಇಬ್ಬರಿಗೂ ಈಗ ನೆನಪಿಲ್ಲ.
ಮಾತೂ ಇಲ್ಲ.

ಸ್ಕೂಟರಿನವರೊಬ್ಬರು ಬಂದು ಶೆಟ್ಲಿ ಕೇಳಿದರು.
ಶೇವಂತಿ "ಮುಗೀತು" ಅಂದಳು.
ನಾನು ಅವಳ ಬೆರಳನ್ನೇ ನೋಡುತ್ತಿದ್ದೆ.
ಯಮುನಿಯ ಬುಟ್ಟಿಯಲ್ಲಿ ಶೆಟ್ಲಿ ಇತ್ತು,
ಮೀಸೆ ಹೊರಗೆ ಚಾಚಿಕೊಂಡೇ ಇತ್ತು.
ಬೆರಳು ಅದನ್ನು ದಾಟಿತು, ಸಾಲು ದಾಟಿತು, ರಸ್ತೆ ದಾಟಿತು:
"ಕಂಬದ ಹತ್ತಿರ ನೋಡಿ, ನೀಲಿ ತಾಡಪತ್ರಿ.
ನಾನು ಹೇಳಿದೆ ಅನ್ನಬೇಡಿ."

ರಾತ್ರಿ ಸರಿಮಾಡಿದೆ. ಖಾಲಿಯನ್ನು ಹಾರಿ
ಮುಂದಿನ ಹೆಂಗಸನ್ನೇ ಹುಡುಕುವ ಇನ್ನೊಂದು ಪದವಿದೆ,
ನೆಕ್ಸ್ಟ್ ಎಲಿಮೆಂಟ್ ಸಿಬ್ಲಿಂಗ್,
ಬಾಯಿಗೆ ಉದ್ದ, ಕೆಲಸಕ್ಕೆ ಚುರುಕು.
ಈಗ ಶೇವಂತಿ ಮುಗಿದರೆ ಯಮುನಿ ಬೆಳಗುತ್ತಾಳೆ.
ಕೊನೆಯವಳ ಪಕ್ಕ ನಲ್;
ಅಲ್ಲಿಂದ ಮತ್ತೆ ಮೊದಲನೆಯವಳಿಗೆ ತಿರುಗಿಸಿದೆ.
ಸಂಘದವರು ನೋಡಿ ಹೂಂ ಅಂದರು.

ಮಾಣಕಿ ಈಗ ಸಂಘದ ಸದಸ್ಯೆಯಲ್ಲ, ಅವಳಿಗೆ ಸಾಲಿಲ್ಲ.
ಮೇಲೆ ಡಾಕ್ಯುಮೆಂಟಿನವರೆಗೆ ಹತ್ತಿದರೂ
ಕೆಳಗೆ ಕೊನೇ ಅಕ್ಷರಕ್ಕೆ ಇಳಿದರೂ ಸಿಗುವುದಿಲ್ಲ.

ಶೇವಂತಿ ಮೊಬೈಲನ್ನು ಸೆರಗಿಗೆ ಒರೆಸಿ
ದೂರ ಹಿಡಿದು ನೋಡಿದಳು.
"ಯಮುನಿನ ನನಗೆ ತಾಗಿಸೇ ಕೂರಿಸಿದ್ದೀಯಲ್ಲ."
ಇಲ್ಲ ಅಕ್ಕ, ನಡುವೆ ಜಾಗ ಇದೆ,
ಕಾಣುವುದಿಲ್ಲ ಅಷ್ಟೆ, ಅಂದೆ.
"ಎಷ್ಟು?"
ಕೈಯಗಲಿಸಿ ಅಳತೆ ತೋರಿಸಿದೆ.
ನೋಡಿದಳು. ತಕ್ಕಡಿಯ ಬಂಗಡೆಗೆ
ಇನ್ನೊಂದನ್ನು ಸೇರಿಸಿ
ಚೀಲ ಬಿಡಿಸು ಅಂದಳು.