ಮಂಗಳವಾರದಿಂದ

ಕೂದಲೆಳೆಯಷ್ಟೇ. ಮಸಿಯ ನಡುವೆ
ಬೂದು ಗೆರೆ, ಬೆರಳಿಟ್ಟರೆ ಒಂದಿಷ್ಟು ಪುಡಿ.
ಇಂಜಿನ್ನು ನನ್ನ ಬೆನ್ನ ಹಿಂದೆ, ಹೊಗೆಯೂ ಹಿಂದಕ್ಕೇ.
ಪೊನ್ನಂಪೇಟೆಯ ಗದ್ದೆಗಳ ಮೇಲೆ ಮೂರು ದಿನ
ಗೊತ್ತೇ ಆಗದೆ ಹಾರಿದ್ದೆ.

ಸೈಲೆನ್ಸರ್ ಬಿಚ್ಚಿ, ಸ್ಪ್ರಿಂಗುಗಳನ್ನು ಡಬ್ಬಿಗೆ ಹಾಕಿ,
ಗೋಣಿಚೀಲದಲ್ಲಿ ಸುತ್ತಿ ಗೋಣಿಕೊಪ್ಪಕ್ಕೆ.
ಶುಕ್ರವಾರ, ಜುಮಾಗೆ ಮುಂಚೆ ಮುಟ್ಟಬೇಕು.
ಮೊಯ್ದುಟ್ಟಿಯ ಅಂಗಡಿ: ಅರ್ಧ ಬಿಚ್ಚಿದ ಪಲ್ಪರ್,
ಕಾಲು ಮುರಿದ ಶಾಲೆಯ ಬೆಂಚು, ಗೇಟು ಕೇಳಿ ಬಂದ ಇಬ್ಬರು.
ಕನ್ನಡಕ ಹಣೆಗೇರಿಸಿ ಅವನು ಕೊಳವೆಯನ್ನು
ಕಿವಿಯ ಹತ್ತಿರ ಹಿಡಿದು ಬೆರಳಲ್ಲಿ ತಟ್ಟಿದ,
ಮಡಕೆ ಕೊಳ್ಳುವವರು ತಟ್ಟುವ ಹಾಗೆ.

"ಮಂಗಳವಾರದಿಂದ," ಎಂದ.
"ಏನು?"
"ಬೆಳಿಗ್ಗೆ ಏಳಕ್ಕೆ ನಮ್ಮ ಮೇಲೆ ಹೋಗ್ತೀರಲ್ಲ,
ಮಂಗಳವಾರದಿಂದ ಆ ಸದ್ದಿನಲ್ಲಿ ಒಂದು ಸೀಳು.
ಹೆಂಡತಿಗೂ ಹೇಳಿದೆ. ನಿಮ್ಮ ನಂಬರ್ ಇರಲಿಲ್ಲ."

ಬೆಸುಗೆ ಹಾಕಿಕೊಡು ಅಂದೆ. ಆಗೋದಿಲ್ಲ ಅಂದ.
"ಜೀಪಾದರೆ ಹಾಕ್ತಿದ್ದೆ. ದಣಿದ ತಗಡು ಇದು,
ಇಲ್ಲಿ ಮುಚ್ಚಿದರೆ ಪಕ್ಕದಲ್ಲಿ ಬಾಯಿ ಬಿಡ್ತದೆ.
ಮೇಲೆ ಹೋಗಿ ಎಲ್ಲಿ ಬದಿಗೆ ನಿಲ್ಲಿಸ್ತೀರಿ?"
ದುಡ್ಡು ಮುಟ್ಟಲಿಲ್ಲ.

ಹೊಸದು ಬರಲು ಹದಿನೇಳು ದಿನ. ಅಷ್ಟರಲ್ಲಿ
ಕಾಫಿ ಹೂ ಬಿಟ್ಟು, ಕಂದಿ, ಉದುರಿಯೂ ಆಯಿತು.
ಈ ವರ್ಷ ಅದನ್ನು ಮೇಲಿಂದ ನೋಡಲಿಲ್ಲ.

ಇವತ್ತು ಸ್ಪ್ರಿಂಗ್ ಎಳೆದು ಕೂರಿಸಿ, ತಂತಿ ತಿರುಚಿ,
ಏರಿದೆ. ಗೋಣಿಕೊಪ್ಪದ ಮೇಲೆ ಒಂದು ಸುತ್ತು ಹೆಚ್ಚು.
ತಗಡಿನ ಮಾಡಿನಡಿ ಮಿನುಗುತ್ತಿದ್ದ
ನೀಲಿ ಕಿಡಿ ನಿಂತಿತು.
ಕೇಳುತ್ತಿದ್ದಾನೆ.