ಮುನ್ನೂರೈವತ್ತು ಮಿಲಿ

ತಿಂಗಳ ಎಂಟನೇ ತಾರೀಖು
ಭಾಂಡುಪಿನಲ್ಲಿ ಬೆಳಗಿನ ನೀರು ಬರುವ ಹೊತ್ತಿಗೇ
ಮೊಬೈಲು ಒಮ್ಮೆ ನಡುಗುತ್ತದೆ:
ಹದಿಮೂರು ಸಾವಿರದ ಎಂಟುನೂರ ಎಪ್ಪತ್ತೆಂಟು,
ಟಿಡಿಎಸ್ ಕಳೆದು.
ಬಕೆಟ್ಟು ತುಂಬಿ ಚೆಲ್ಲುವವರೆಗೂ
ಆ ಅಂಕಿಯನ್ನೇ ನೋಡುತ್ತ ನಿಲ್ಲುತ್ತೇನೆ.

ನಾನು ಸುಲಭಾ. ಕಾರವಾರದ ಕೋಡಿಬಾಗದವಳು.
ಈ ಊರಲ್ಲಿ ನನ್ನ ಹೆಸರು ಪಾಯಖಾನೆಗಳ ಮೇಲಿರುತ್ತದೆ,
ನಗಿ, ಪರವಾಗಿಲ್ಲ.
ಪರೇಲಿನ ಬ್ಲಡ್ ಬ್ಯಾಂಕಿನಲ್ಲಿ ಮೂವತ್ಮೂರು ವರ್ಷ
ಕಂಡವರ ತೋಳು ಹಿಡಿದೆ, ನರ ಹುಡುಕಿದೆ.
ಮುಷ್ಟಿ ಬಿಗಿ ಮಾಡಿ, ಬಿಡಿ, ಮತ್ತೆ ಬಿಗಿ ಮಾಡಿ:
ನನ್ನ ಮರಾಠಿ, ಹಿಂದಿ, ಗುಜರಾತಿ ಎಲ್ಲ ಇಷ್ಟೇ.

ಬಿಡುವ ದಿನ ಕೊಟ್ಟದ್ದು
ಶಾಲು, ತೆಂಗಿನಕಾಯಿ, ಐದು ನಿಮಿಷ ಮುಂದೋಡುವ ಗೋಡೆಗಡಿಯಾರ,
ಮತ್ತು ಇಪ್ಪತ್ತೆರಡು ಲಕ್ಷ.
ಕೂತು ಉಣ್ಣುವವರಿಗೆ ಕುಡಿಕೆ ಹಣ ಸಾಲದು ಮಾರಾಯ್ತಿ
ಎಂದಳು ಅತ್ತಿಗೆ ಫೋನಿನಲ್ಲಿ,
ಕುಡಿಕೆ ತನ್ನ ಕಪಾಟಿನಲ್ಲಿದ್ದರೆ ಸಾಲುತ್ತಿತ್ತು ಎಂಬ ದನಿಯಲ್ಲಿ.
ಸ್ಟೇಷನ್ ರೋಡಿನ ಝೆರಾಕ್ಸ್ ಅಂಗಡಿಯ ಮಾಳಿಗೆಯಲ್ಲಿ
ಭೂಪೇಂದ್ರಭಾಯಿ ಹಳದಿ ಪೆನ್ನಿಂದ ಗೆರೆ ಎಳೆದ:
ಮರ ಮುಟ್ಟಬೇಡಿ ಬಾಯಿ, ತಿಂಗಳು ತಿಂಗಳು ಹಣ್ಣು ತಿನ್ನಿ.

ಆರು ತಿಂಗಳು ತಿಂದೆ.
ಸೊಸೈಟಿಯ ಬಾಕಿ, ಬಿಪಿ ಮಾತ್ರೆ, ಗ್ಯಾಸು,
ಬುಧವಾರ ಒಂದೇ ಒಂದು ತುಂಡು ಇಸವಾಣ.
ಯಾರ ಮುಂದೂ ಕೈಚಾಚದ ಕೈ
ಎಷ್ಟು ಹಗುರವಾಗಿ ಮೀನು ತಿರುವಿ ಹಾಕುತ್ತದೆ!

ಏಳನೆಯ ತಿಂಗಳು, ಕಣ್ಣಿನ ಪೊರೆ ತೆಗೆಸಿದ ಮೇಲೆ,
ಸಣ್ಣ ಅಕ್ಷರ ಓದಿದೆ.
ಕೊಡುವ ಮುನ್ನಾದಿನ ಒಂದು ಯೂನಿಟ್ಟಿಗೆ
ಇಪ್ಪತ್ತು ರೂಪಾಯಿ ಅರವತ್ತು ಪೈಸೆ.
ಕೊಟ್ಟ ಮೇಲೆ ಇಪ್ಪತ್ತು ನಲವತ್ತೈದು.
ಹದಿನೈದು ಪೈಸೆ ಎಲ್ಲಿ ಹೋಯಿತೆಂದು ಹುಡುಕಬೇಕಿರಲಿಲ್ಲ,
ಬುಧವಾರ ಹುರಿದು ತಿಂದಿದ್ದೆ.
ಯೋಜನೆಯ ಹೆಸರಿನ ಬಾಲದಲ್ಲೇ ಬರೆದಿತ್ತು:
ಆದಾಯ ಹಂಚಿಕೆ, ಜೊತೆಗೆ ಬಂಡವಾಳ ಹಿಂತೆಗೆತ.
ನಾಲ್ಕು ಇಂಗ್ಲಿಷ್ ಅಕ್ಷರಗಳಾಗಿ ಮಡಚಿಟ್ಟಿದ್ದರು,
ನಾನು ಬಿಚ್ಚಿರಲಿಲ್ಲ, ಅಷ್ಟೇ.

ಹಣ್ಣಲ್ಲ ಭೂಪೇಂದ್ರಭಾಯಿ, ಇದು ರಕ್ತ.

ರಕ್ತವಾದರೆ ನನಗೆ ಗೊತ್ತು.
ಹಿಮೋಗ್ಲೋಬಿನ್ ಹನ್ನೆರಡೂವರೆಯ ಕೆಳಗಿದ್ದರೆ ಸೂಜಿ ಮುಟ್ಟುತ್ತಿರಲಿಲ್ಲ.
ಒಂದು ಸಲಕ್ಕೆ ಮುನ್ನೂರೈವತ್ತು ಮಿಲಿ,
ಮತ್ತೆ ಬರಬೇಕಾದರೆ ಗಂಡಸು ಮೂರು ತಿಂಗಳು, ಹೆಂಗಸು ನಾಲ್ಕು.
ಸಾಂತಾಕ್ರೂಜಿನ ಒಬ್ಬ ಹುಡುಗ
ಅಣ್ಣನ ಆಪರೇಷನ್ನಿಗೆಂದು ಎರಡೇ ವಾರದಲ್ಲಿ ತಿರುಗಿ ಬಂದ,
ಬೇರೆ ಹೆಸರು ಬರೆಸಿ.
ಮೊಣಕೈಯ ಒಳಗೆ ನಾನೇ ಇಟ್ಟ ಚುಕ್ಕೆ,
ಅದು ಹೆಸರು ಬದಲಿಸಿರಲಿಲ್ಲ.
ಬೈದು, ಬಾಳೆಹಣ್ಣು ಕೊಟ್ಟು ಕಳಿಸಿದೆ.

ಅರ್ಧ ಸಾಕು ನನಗೆ, ಅರ್ಧ ಒಳಗೇ ಇರಲಿ
ಎಂದು ಬೇರೆ ಫಾರ್ಮು ತುಂಬಿದೆ.
ಮಾರ್ಕೆಟ್ಟು ನೋಡಿ ಬಾಯಿ, ಹೇಗೆ ಕೆಂಪಗೆ ಉಬ್ಬಿದೆ, ಎಂದ.
ಜ್ವರ ಬಂದಾಗಲೂ ಮುಖ ಕೆಂಪಗಿರುತ್ತದೆ, ಎಂದೆ.
ಪಾಪ, ಅವನೂ ಸುಳ್ಳ ಅಲ್ಲ. ಚಹಾ ತರಿಸಿದ.

ತೆಗೆದದ್ದನ್ನು ಮೈ ತಾನೇ ತುಂಬಿಕೊಳ್ಳುತ್ತದೆ,
ಮಲಗಿದ್ದರೂ, ಮರೆತರೂ.
ಹಣದ ಮಜ್ಜೆ ಎಲ್ಲಿದೆಯೋ ನನಗೆ ತಿಳಿಯದು.
ಎಲ್ಲೋ ಸಿಮೆಂಟಿನ ಕಾರ್ಖಾನೆಯಲ್ಲಿ,
ನೈಟ್ ಶಿಫ್ಟಿನ ಯಾರದೋ ತೋಳಿನಲ್ಲಿ ಇರಬೇಕು.
ಆ ತೋಳನ್ನು ಹಿಡಿದು
ಯಾರೂ ಕೇಳಿರಲಾರರು, ಸುಸ್ತಾಯಿತೇ ಎಂದು.

ಈಗ ಎಂಟನೇ ತಾರೀಖು ಬರುವುದು ಏಳು ಸಾವಿರ, ಚಿಲ್ಲರೆ.
ಗ್ಯಾಸು ಬಂತು, ಮಾತ್ರೆ ಬಂತು,
ಸೊಸೈಟಿಯವರ ನೋಟೀಸೂ ಬಂತು.
ಇಸವಾಣ ತಿಂಗಳಿಗೊಮ್ಮೆ.
ಉಳಿದ ಬುಧವಾರಗಳಿಗೆ
ಸ್ಟೇಷನ್ ಮೆಟ್ಟಿಲಿನ ಪಕ್ಕ ಒಂದು ಕಟಿಂಗ್, ಎರಡು ಗ್ಲೂಕೋಸ್ ಬಿಸ್ಕೀಟು.
ಮುಗಿಸಿ ತಕ್ಷಣ ಏಳುವುದಿಲ್ಲ.
ಎಲ್ಲರಿಗೂ ಹೇಳುತ್ತಿದ್ದೆನಲ್ಲ,
ಹತ್ತು ನಿಮಿಷ ಕೂತಿರಿ, ತಲೆ ತಿರುಗೀತು.